ಎತ್ತರದ ಗಾಡಿ

ಚಿಕ್ಕನಂಜಮ್ಮ ಜಗುಲಿಯಲ್ಲಿ ಕೂತು ನೆನೆಹಾಕಿದ ಅವರೆಕಾಳನ್ನು ಹಿಚುಕುತ್ತಿದ್ದಾಗಲೇ ಮಗ ಸಿದ್ದರಾಮು ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಏಳು ಸೀಟಿನ, ಜೀಪಿನಷ್ಟು ಎತ್ತರದ ಬಿಳಿ ಗಾಡಿ. ಯಾರೋ ಓಡಿಸಿ ಬಿಟ್ಟದ್ದಾದರೂ ತೊಳೆದು ಒರೆಸಿ ಮದುಮಗನಂತೆ ಮಾಡಿದ್ದರು.

ಅದಕ್ಕೆಂದೇ ಅವಳು ಎರಡೂ ಹಸು ಮಾರಿದ್ದಳು. ಗಂಡ ರಾಮಲಿಂಗಯ್ಯನಿಗೆ ಲಕ್ವ ಹೊಡೆದು ಬಲಗಾಲು ಮರಗಟ್ಟಿತ್ತು. ವಾರಕ್ಕೆರಡು ಸಲ ಮಂಡ್ಯಕ್ಕೆ ಕರೆತಂದು ವ್ಯಾಯಾಮ ಮಾಡಿಸಿದರೆ ಮನೆಯಲ್ಲೇ ಇಟ್ಟುಕೊಳ್ಳಬಹುದು, ಆಗದಿದ್ದರೆ ಮೈಸೂರಿನ ಆರೈಕೆಯ ಆಶ್ರಮಕ್ಕೆ ಸೇರಿಸಿ ಎಂದಿದ್ದರು ಡಾಕ್ಟರು. ಬಸ್ಸಿನ ಮೆಟ್ಟಿಲು ಅವನಿಂದಾಗದು, ಬಾಡಿಗೆ ಕಾರು ಇವರಿಂದಾಗದು. ಆಶ್ರಮದವರು ಹೆಂಡತಿಯ ಒಪ್ಪಿಗೆ ಪತ್ರ ಕೇಳಿದ್ದರು. ದಸರೆಗೆ ಮೊದಲೇ ಅದನ್ನು ಬರೆದು ದೇವರ ಪಟದ ಹಿಂದೆ ಸಿಕ್ಕಿಸಿದ್ದ ಚಿಕ್ಕನಂಜಮ್ಮ, ಗಾಡಿಯೊಂದು ಬಂದರೆ ಹರಿದು ಒಲೆಗೆ ಹಾಕುವುದೆಂದು ಕಾಯುತ್ತಿದ್ದಳು.

ಮದ್ದೂರಿನ ಹಳೇ ಗಾಡಿಗಳ ಅಂಗಡಿಗೆ ಮನೆಮಂದಿಯೆಲ್ಲ ಹೋಗಿದ್ದರು, ರಾಮಲಿಂಗಯ್ಯನೊಬ್ಬನನ್ನು ಬಿಟ್ಟು. ಅಂಗಡಿಯ ಅಂಬರೀಶ ಮೊದಲು ತೋರಿಸಿದ್ದು ಒಂದು ಪುಟ್ಟ ಕೆಂಪು ಕಾರು.

"ಇದ್ರಲ್ಲಿ ಏಳು ಜನ ಎಲ್ಲಿ ಕೂರದ್ಲಾ, ಒಬ್ಬರ ತಲೆ ಮೇಲೊಬ್ರಾ?" ಎಂದು ಸಿದ್ದರಾಮು ನಕ್ಕಿದ್ದ.

ಈ ಬಿಳಿಯದನ್ನು ಒಪ್ಪಿದವಳು ಅವಳೇ. ಸೀರೆ ಎತ್ತಿ ಕಟ್ಟಿ, ಹಿಡಿಕೆ ಹಿಡಿದು ಜಗ್ಗಿಕೊಂಡು ಹತ್ತಿ, ಮೆತ್ತನೆ ಸೀಟು ಒತ್ತಿ ನೋಡಿ, "ಕುಲುಕಾಕಿಲ್ಲ, ನಮ್ಮೆಜಮಾನ್ರಿಗೆ ಇದೇ ಸರಿ" ಎಂದಿದ್ದಳು. ಹತ್ತುವಾಗ ಮೊಣಕಾಲು ಚಳುಕ್ ಎಂದಿತ್ತು. ಖುಷಿಯಲ್ಲಿ ಗಮನಕ್ಕೆ ಬಂದಿರಲಿಲ್ಲ.

ಈಗ ರಾಮಲಿಂಗಯ್ಯನನ್ನು ಆನಿಸಿಕೊಂಡು ಬಾಗಿಲ ಬಳಿ ನಿಲ್ಲಿಸಿದರು. ಸ್ಟೂಲು ಇಟ್ಟರು. ಎಡಗಾಲೇನೋ ಸ್ಟೂಲಿಗೆ ಬಂತು, ಬಲಗಾಲು ನೆಲ ಬಿಡಲಿಲ್ಲ. ಪಕ್ಕದ ಮನೆಯ ಚೌಡಯ್ಯ ಬಂದು ಕಂಕುಳಿಗೆ ಕೈಕೊಟ್ಟು ಎತ್ತಿದ, ಸಿದ್ದರಾಮು ಕಾಲು ಹಿಡಿದ. ತಲೆ ಮೇಲಿನ ಚೌಕಟ್ಟಿಗೆ ಬಡಿಯಿತು. ಪಂಚೆ ಒದ್ದೆಯಾಯಿತು.

"ಬುಡ್ರಲಾ, ನಾನೇನು ಗೊಬ್ಬರದ ಮೂಟೆಯಾ?" ಎಂದ ರಾಮಲಿಂಗಯ್ಯ, ಸೊಟ್ಟಗಾದ ಬಾಯಿಂದ.

ಇಳಿಸಿದರು. ಸಿದ್ದರಾಮು ಅಂಬರೀಶನಿಗೆ ಫೋನು ಹಚ್ಚಿದ.

"ಆಚೆಗೋದ ಗಾಡಿ ವಾಪಸ್ ತಕಂಡ್ರೆ ಅರ್ಧ ದುಡ್ಡೇ ಕಣಣ್ಣ. ಆ ಕೆಂಪುದ್ನೂ ನೆನ್ನೆ ಮಾರ್ಬುಟ್ಟೆ."

ಸಿದ್ದರಾಮು ಅವ್ವನ ಮುಖ ನೋಡದೆ ಗಾಡಿಯ ಬಾಗಿಲು ಹಾಕಿದ.

ಪಂಚೆ ಬದಲಿಸುವಾಗ ರಾಮಲಿಂಗಯ್ಯ ಗೋಡೆಯ ಕಡೆ ನೋಡುತ್ತಾ ಕೇಳಿದ: "ಆ ಕಾಗ್ದ ಇನ್ನೂ ಮಡಿಕ್ಕಂಡಿದ್ದೀಯಾ?"

ಚಿಕ್ಕನಂಜಮ್ಮ ಒಣ ಪಂಚೆಯ ಗಂಟು ಬಿಗಿದಳು.

"ಪೋಸ್ಟಿಗೆ ಆಕ್ಬುಡು ಕಣಮ್ಮಿ. ಗಾಡಿ ಸಂದಾಗೈತೆ. ನನ್ನ ನೋಡಕ್ಕೆ ಅದ್ರಲ್ಲೇ ಬರುವಿರಂತೆ."

ಹಿಚುಕಿದ ಬೇಳೆ ಹಾಗೇ ಬಟ್ಟಲಲ್ಲಿ ಉಳಿಯಿತು. ಪಟದ ಹಿಂದಿನ ಲಕೋಟೆಯ ಮೇಲೆ ಧೂಳು ಕೂತಿತ್ತು. ಸೆರಗಿನಿಂದ ಅದನ್ನು ಒರೆಸಿ ಎತ್ತಿಕೊಂಡು ಹೊರಟಳು.

"ಗಾಡೀಲಿ ಬುಡ್ತೀನಿ ಬಾರವ್ವ" ಎಂದ ಸಿದ್ದರಾಮು.

"ಬ್ಯಾಡ ಕಣಪ್ಪ" ಎಂದು ಬಸ್ಸು ಹತ್ತಿದಳು. ಹಲಗೂರಿನ ಅಂಚೆ ಡಬ್ಬಿಗೆ ಲಕೋಟೆಯನ್ನು ಅರ್ಧ ತೂರಿಸಿ, ಇನ್ನರ್ಧ ಹಿಡಿದೇ ನಿಂತಳು. ಹಿಂದೆ ನಿಂತಿದ್ದ ಹೆಂಗಸೊಬ್ಬಳು, "ಬಿರ್‍ನೆ ಆಕಕ್ಕ, ನನ್ ಬಸ್ಸು ಒಂಟೋಯ್ತದೆ" ಎಂದಳು.

ಚಿಕ್ಕನಂಜಮ್ಮ ಬೆರಳು ಸಡಿಲಿಸಿ, ಅವಳಿಗೆ ಜಾಗ ಬಿಟ್ಟಳು.