ಸೀಲು ಬಿದ್ದ ಕಾರ್ಡುಗಳು

ಊಟದ ಚೀಲದಲ್ಲಿ ಡಬ್ಬಿಯ ಪಕ್ಕಕ್ಕೇ ಸರಕಾರದ ಸೀಲನ್ನು ಇಟ್ಟುಕೊಂಡು ಮನೆಗೆ ಬರುವ ಗುಮಾಸ್ತನನ್ನು ನೀವು ನೋಡಿದ್ದೀರೋ ಇಲ್ಲವೋ, ಆ ಬೀದಿಯವರಂತೂ ಒಂಬತ್ತು ವರ್ಷ ನೋಡಿದರು. ಆರೋಗ್ಯ ಕಚೇರಿಯಲ್ಲಿ ಅವನ ಮೇಜಿನ ಬೀಗ ಕೆಟ್ಟಿತ್ತು. ರಿಪೇರಿಗೆ ಬರೆದು ಬರೆದು ಸಾಕಾಗಿ, ಸೀಲನ್ನೂ ನೇರಳೆ ಮಸಿಯ ಪ್ಯಾಡನ್ನೂ ದಿನಾ ಜೊತೆಗೇ ಒಯ್ಯತೊಡಗಿದ. ಬೀದಿಯವರು ಅವನಿಗೆ ಸೀಲಣ್ಣ ಎಂದು ಹೆಸರಿಟ್ಟರು.

ಒಳ್ಳೆಯ ಮನುಷ್ಯ. ಯಾರಿಗೂ ಇಲ್ಲ ಅನ್ನಲು ಬಾಯಿ ಬಾರದವನು. ಶಾಲೆಗೆ ಸೇರಿಸಬೇಕಾದರೆ ಲಸಿಕೆ ಕಾರ್ಡಿನ ಮೇಲೆ ಸೀಲು ಇರಲೇಬೇಕು ಎಂಬ ನಿಯಮ ಬಂದ ಮೇಲೆ ಅವನ ಜಗಲಿಗೆ ಜನ ಬರತೊಡಗಿದರು. ಸೂಜಿ ಹಾಕಿಸಿದರೆ ಮಗುವಿಗೆ ಎರಡು ದಿನ ಜ್ವರ, ತನ್ನ ಹೊಲಿಗೆ ನಿಲ್ಲುತ್ತದೆ ಎಂದು ದರ್ಜಿಯವಳು. ಸಾಲಿನಲ್ಲಿ ನಿಂತರೆ ಅರ್ಧ ದಿನ ಹಾಳು ಎಂದು ಬಡಗಿ. ಬರುವ ವಾರ ಖಂಡಿತ ಹಾಕಿಸುತ್ತೇವೆ, ಇವತ್ತು ಒಂದು ಸೀಲು ಒತ್ತಿಬಿಡು ಎಂದು ಎಲ್ಲರೂ. ಆ ಬರುವ ವಾರ ಬರುತ್ತಿರಲಿಲ್ಲ. ಕಾರ್ಡಿಗೆ ಸೀಲು ಬಿದ್ದ ಮೇಲೆ ರಿಜಿಸ್ಟರಿನಲ್ಲೂ ಗುರುತು ಹಾಕಬೇಕಲ್ಲ, ಅದನ್ನೂ ಮರುದಿನ ಅವನೇ ಹಾಕುತ್ತಿದ್ದ. ನೋಡನೋಡುತ್ತ ಅದೊಂದು ರೂಢಿಯೇ ಆಗಿಹೋಯಿತು. ದಾಕ್ಷಿಣ್ಯ ಎಂಬ ಚಂದದ ಹೆಸರೂ ಇತ್ತು ಅದಕ್ಕೆ.

ಮೊದಲ ಸುಳ್ಳು ಸೀಲು ಬಿದ್ದದ್ದು ಅವನ ಮಗಳ ಕಾರ್ಡಿಗೇ. ಅವನ ತಾಯಿಯ ಹಟ. ಅವನು ಹುಟ್ಟುವ ಮುಂಚೆ ಆಕೆಗೊಬ್ಬ ಮಗನಿದ್ದ.

"ನಿನ್ನಣ್ಣಂಗೆ ಬೆಳಿಗ್ಗೆ ಸೂಜಿ ಹಾಕಿದ್ರು. ಮಾರನೇ ದಿನ ಸಂಜೆಗೆ ಮಗು ಇರಲಿಲ್ಲ. ನಾನಿರೋವರೆಗೂ ಈ ಮನೆ ಮಕ್ಕಳ ಮೈಗೆ ಸೂಜಿ ತಾಗಕೂಡದು" ಎಂದಿದ್ದಳು.

ಆ ಮಗುವಿಗೆ ನಾಲ್ಕು ದಿನ ಮೊದಲೇ ವಾಂತಿಭೇದಿ ಹಿಡಿದಿತ್ತು ಎಂಬುದನ್ನು ಆಕೆ ಹೇಳುತ್ತಿರಲಿಲ್ಲ. ಹೇಳಿದರೆ ದೂರಲಿಕ್ಕೆ ಯಾರೂ ಉಳಿಯುತ್ತಿರಲಿಲ್ಲ. ಅವನೂ ಕೆದಕಲಿಲ್ಲ. ತಾಯಿಯ ಕಣ್ಣಲ್ಲಿ ನೀರು ಬರುವುದಕ್ಕಿಂತ ಒಂದು ಸೀಲು ಹಗುರ ಅನ್ನಿಸಿತ್ತು.

ಆ ವರ್ಷ ತಂಗಿ ಐದು ತಿಂಗಳ ಗಂಡು ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಮನೆ ತುಂಬಿತು. ಆರು ವರ್ಷದ ಮಗಳಿಗೆ ಆಡಲು ಜೀವಂತ ಗೊಂಬೆ ಸಿಕ್ಕಿತು. ಅಪ್ಪ ಚೀಲ ಇಟ್ಟ ಕೂಡಲೇ ಸೀಲು ತೆಗೆದು ಕೂಸಿನ ಅಂಗಾಲಿಗೆ ಮೆಲ್ಲಗೆ ಒತ್ತಿ, "ಆಯ್ತು, ನಿಂಗೂ ಸೂಜಿ ಆಯ್ತು, ಅಳಬಾರದು" ಎನ್ನುತ್ತಿದ್ದಳು. ಕೂಸು ಕಾಲು ಝಾಡಿಸಿ ನಗುತ್ತಿತ್ತು. ಅಜ್ಜಿಯೂ ನಗುತ್ತಿದ್ದಳು.

ಆಗಲೇ ನದಿಯಾಚೆಯ ಬಡಾವಣೆಗಳಲ್ಲಿ ದಡಾರ ಎದ್ದಿತ್ತು. ಕಚೇರಿಯಲ್ಲಿ ಡಾಕ್ಟರು ಸಭೆ ಕರೆದರು. ಇದ್ದ ಲಸಿಕೆ ನಾಲ್ಕು ವಾರ್ಡಿಗೆ ಸಾಕಾಗುವಷ್ಟೇ. ಎಲ್ಲಿ ಹಾಕಿಸಿಕೊಂಡವರು ಕಡಿಮೆಯೋ ಅಲ್ಲಿಗೆ ಮೊದಲು ಹೋಗುವುದು ಎಂದು ತೀರ್ಮಾನವಾಯಿತು. ಗುಮಾಸ್ತ ಎದ್ದು ನಿಂತು ವಾರ್ಡುವಾರು ಅಂಕಿ ಓದಿದ. ತನ್ನ ವಾರ್ಡು ಬಂದಾಗ ಓದಿದ: ನೂರಕ್ಕೆ ತೊಂಬತ್ತೆಂಟು.

"ಪರವಾಗಿಲ್ವೇ, ನಿಮ್ಮ ಕಡೆ ಜನ ತಿಳಿದವರು" ಎಂದರು ಡಾಕ್ಟರು.

ನರ್ಸಮ್ಮ ಮಾತ್ರ ಅವನ ಮುಖ ನೋಡಿದಳು. ಇಪ್ಪತ್ತು ವರ್ಷ ಬೀದಿ ಬೀದಿ ಸುತ್ತಿದ ಹೆಂಗಸು. ಹೊರಗೆ ಬಂದ ಮೇಲೆ ಆ ಅಂಕಿ ನಿಜವೇ ಎಂದು ಕೇಳಿದಳು. ಅವನು ಹೂಂ ಎಂದ. ಮನೆಯಲ್ಲಿ ಕೂಸಿದೆಯಲ್ಲ ಎಂದಳು. ಅದಕ್ಕೂ ಹೂಂ ಎಂದ.

"ಅದಕ್ಕಿನ್ನೂ ಲಸಿಕೆ ಹಾಕೋ ವಯಸ್ಸಲ್ಲ. ಸುತ್ತ ಇರೋ ದೊಡ್ಡ ಮಕ್ಕಳು ಹಾಕಿಸ್ಕೊಂಡಿದ್ರೆ ರೋಗ ಅದರ ಹತ್ರ ಸುಳಿಯಲ್ಲ. ನಾವು ನಮ್ಮ ಮಗುಗಂತ ಹಾಕಿಸೋದು ಅರ್ಧ, ಪಕ್ಕದ ಮನೆ ಮಗುಗಂತ ಇನ್ನರ್ಧ. ಈಗ್ಲೂ ಹೇಳಿ, ಲಸಿಕೆ ಗಾಡಿ ನಿಮ್ಮ ಕಡೆ ತಿರುಗಿಸ್ತೀನಿ."

ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ದರ್ಜಿಯವಳು, ಬಡಗಿ, ತಾಯಿ, ತನ್ನ ಕೆಲಸ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಕೂಸು ಮಾತ್ರ ಬರಲಿಲ್ಲ. ರಿಜಿಸ್ಟರು ಮಡಚಿ ಒಳಗೆ ಹೋದ. ಗಾಡಿ ಬೇರೆ ಕಡೆ ಹೋಯಿತು.

ಹದಿನೈದು ದಿನಕ್ಕೆ ಬಡಗಿಯ ಮಗನ ಮೈಮೇಲೆ ಕೆಂಪು ಗುಳ್ಳೆ ಎದ್ದವು. ಅವನ ಬೆಂಚಿನಲ್ಲೇ ಕೂರುವ ಗುಮಾಸ್ತನ ಮಗಳಿಗೂ ಬಂತು. ಇದೆಲ್ಲ ಮಕ್ಕಳಿಗೆ ಬಂದು ಹೋಗುವಂಥದ್ದು, ಮೈ ಒಳ್ಳೆಯದಾಗುತ್ತದೆ ಎಂದಳು ತಾಯಿ. ಮಗಳು ಹುಷಾರಾಗಿ ಎದ್ದಳು. ಎದ್ದವಳೇ ಮೊದಲು ಹುಡುಕಿದ್ದು ಸೀಲನ್ನು. ಕೂಸಿನ ಅಂಗಾಲಿಗೆ ಮತ್ತೊಮ್ಮೆ ಒತ್ತಿದಳು. ಮರುದಿನ ಕೂಸಿಗೆ ಜ್ವರ.

ಮುಂದಿನದು ಅವನಿಗೆ ಒಂದು ಗಾಜಿನ ಆಚೆ ನಡೆದಂತೆ ನೆನಪು. ಆಸ್ಪತ್ರೆಯ ಹಸಿರು ಗೋಡೆ. ಕೂಸಿನ ಪಕ್ಕೆಲುಬು ಒಳಕ್ಕೆ ಹೋಗಿ ಹೊರಗೆ ಬರುವುದು. ಕಫ ಎದೆಗೆ ಇಳಿದಿದೆ ಎಂದು ಯಾರೋ ಹೇಳಿದ್ದು. ಆರನೆಯ ದಿನ ಮಧ್ಯಾಹ್ನ ಉಸಿರು ನಿಂತಿತು. ಬಟ್ಟೆ ಸುತ್ತುವಾಗ ಅಲ್ಲಿಯ ನರ್ಸು ಕೂಸಿನ ಕಾಲು ಹಿಡಿದು, ಇದೇನು ನೇರಳೆ ಕಲೆ ಎಂದಳು. ಜ್ವರದ ಕೂಸಿಗೆ ಸ್ನಾನ ಮಾಡಿಸಿರಲಿಲ್ಲ, ಮಸಿ ಹಾಗೇ ಇತ್ತು. ಅವನು ಏನೋ ಮಸಿ ಎಂದ. ಅವನಿಗೆ ಅಳು ಬರಲಿಲ್ಲ. ಬರಲಿ ಎಂದು ಕಾದ, ಬರಲಿಲ್ಲ.

ಮರಣದ ರಿಜಿಸ್ಟರೂ ಅವನದೇ ಮೇಜಿನದು. ಹತ್ತು ದಿನದ ಮೇಲೆ ಕೆಲಸಕ್ಕೆ ಮರಳಿ ವಯಸ್ಸು, ಕಾರಣ ಬರೆದು ಸೀಲು ಒತ್ತಿದ. ಆಮೇಲೆ ಲಸಿಕೆಯ ರಿಜಿಸ್ಟರು ತೆಗೆದು, ಸೂಜಿ ಬೀಳದ ಒಂದೊಂದೇ ಹೆಸರಿಗೆ ಕೆಂಪು ಪೆನ್ನಿನಲ್ಲಿ ಗೆರೆ ಹೊಡೆಯುತ್ತ ಬಂದ. ಮೊದಲು ಮಗಳದು. ಒಟ್ಟು ನೂರ ಹನ್ನೆರಡು. ಆ ಪಟ್ಟಿಯನ್ನು ಡಾಕ್ಟರ ಮುಂದಿಟ್ಟ. ಡಾಕ್ಟರು ಕೊನೆಯ ಹೆಸರಿನವರೆಗೂ ಓದಿ ಕನ್ನಡಕ ತೆಗೆದರು.

"ಕೆಲಸ ಹೋಗುತ್ತೆ, ಗೊತ್ತಲ್ಲ?"

"ಗೊತ್ತು ಸಾರ್. ಗಾಡಿ ಯಾವಾಗ ಕಳಿಸ್ತೀರಿ?"

ಮರುದಿನ ಬೆಳಿಗ್ಗೆ ನರ್ಸಮ್ಮ ಲಸಿಕೆಯ ಪೆಟ್ಟಿಗೆ ಹಿಡಿದು, ಕೆಂಪು ಗೆರೆಯ ಪಟ್ಟಿಯ ಪ್ರಕಾರ ಮೊದಲ ಮನೆಗೆ, ಅವನದೇ ಮನೆಗೆ, ಬಂದಳು. ಹಿಂದೆ ಅವನಿದ್ದ. ಬೀದಿಯವರು ಬಾಗಿಲುಗಳಲ್ಲಿ ನಿಂತಿದ್ದರು. ಹಿಂದಿನ ದಿನವೇ ಸುದ್ದಿ ಹಬ್ಬಿತ್ತು, ದರ್ಜಿಯವಳು ಅವನನ್ನು ಕಂಡು ಮುಖ ತಿರುಗಿಸಿದಳು. ತಾಯಿ ಹೊಸ್ತಿಲಿಗೆ ಅಡ್ಡ ನಿಂತಳು. ದಡಾರ ಬಂದು ಹೋಯಿತಲ್ಲ, ಇನ್ನೆಂಥ ಸೂಜಿ ಎಂದಳು. ಉಳಿದ ಎಷ್ಟೋ ರೋಗಗಳಿಗೆ ಹಾಕುವುದು ಬಾಕಿ ಇದೆ ಎಂದಳು ನರ್ಸಮ್ಮ.

"ನಾನಿರೋವರೆಗೂ ಈ ಮನೇಲಿ..." ಎಂದು ತಾಯಿ ಶುರುಮಾಡಿದಳು.

ಒಳಗಿನಿಂದ ತಂಗಿ ಎದ್ದು ಬಂದಳು. ಹನ್ನೊಂದು ದಿನದಿಂದ ಆಕೆ ಯಾರೊಡನೆಯೂ ಮಾತಾಡಿರಲಿಲ್ಲ. ಅಣ್ಣನ ಕೈಯಲ್ಲಿದ್ದ ಪಟ್ಟಿ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ನೋಡಿದಳು.

"ಅಣ್ಣ, ಇದ್ರಲ್ಲಿ ನನ್ನ ಮಗು ಎಲ್ಲಿ?"

"ಇದ್ರಲ್ಲಿಲ್ಲಮ್ಮ. ಅವನಿಗಿನ್ನೂ ವಯಸ್ಸಾಗಿರಲಿಲ್ಲ" ಎಂದ ಅವನು. "ಇವರೆಲ್ಲ ಹಾಕಿಸ್ಕೋಬೇಕಿತ್ತು."

ತಂಗಿ ಪಟ್ಟಿಯನ್ನು ತಾಯಿಯ ಕೈಗೆ ಕೊಟ್ಟಳು. ತಾಯಿಗೆ ಓದಲು ಬಾರದು. ಆದರೂ ಹಾಳೆಯ ಉದ್ದಕ್ಕೂ ಕೆಂಪು ಗೆರೆಗಳನ್ನು ನೋಡುತ್ತ ನಿಂತಳು. ಬಹಳ ಹೊತ್ತಿನ ಮೇಲೆ ಪಕ್ಕಕ್ಕೆ ಸರಿದು ಗೋಡೆಗೆ ಒರಗಿದಳು.

ಮಗಳು ಬಂದು ತೋಳು ಮೇಲೇರಿಸಿದಳು. ಅಪ್ಪ, ಸೀಲಿನ ಥರಾನೇ ಇರುತ್ತಾ ಎಂದು ಕೇಳಿದಳು.

"ಇಲ್ಲ ಮರಿ" ಎಂದ ಅವನು. "ಇದು ನೋಯುತ್ತೆ."