ಗುಬ್ಬಿಯ ಓಟು ಯಾರದು?

ಆವತ್ತು ಬೆಳಗಾಗಿ ಹೊತ್ತಾದರೂ ಮಂಜು ಕರಗಿರಲಿಲ್ಲ. ಎದುರು ಮನೆಯ ಕಿಟಕಿಯೇ ಕಾಣುತ್ತಿರಲಿಲ್ಲ. ಇಸ್ತ್ರಿ ಅಂಗಡಿಯವನಿಗೆ ಇಂಥ ದಿನ ಕಂಡರೆ ಆಗುವುದಿಲ್ಲ. ಬಟ್ಟೆಯೆಲ್ಲ ತೇವ ಎಳೆದುಕೊಂಡು, ಒಂದೊಂದು ಮಡಿಕೆಗೂ ಪೆಟ್ಟಿಗೆಯನ್ನು ಮತ್ತೆ ಮತ್ತೆ ಉಜ್ಜಬೇಕು. ಅದರ ಮೇಲೆ ಚಿಕ್ಕ ಮಗಳು ಸ್ಕೂಲಿಗೆ ಹೋಗುವುದಿಲ್ಲ ಎಂದು ಒಳಗೆ ಕೂತುಬಿಟ್ಟಿದ್ದಳು.

ಮನೆಯಲ್ಲಿ ಅವಳನ್ನು ಕರೆಯುವುದು ಗುಬ್ಬಿ ಎಂದು. ಹುಟ್ಟಿನಿಂದ ಕಾಲಿನಲ್ಲಿ ಬಲ ಕಡಿಮೆ, ಊರುಗೋಲು ಹಿಡಿದು ನಡೆಯುತ್ತಾಳೆ. ಮಾತು ಮಾತ್ರ ಹೆಸರಿಗೆ ತಕ್ಕ ಹಾಗೆ, ನಿಲ್ಲುವುದೇ ಇಲ್ಲ. ಅಂಥವಳು ನಿನ್ನೆ ಸಂಜೆಯಿಂದ ಬಾಯಿ ಬಿಟ್ಟಿರಲಿಲ್ಲ.

ಆದದ್ದಿಷ್ಟು. ಸ್ಕೂಲಿನಲ್ಲಿ ಮಕ್ಕಳ ಸಭೆಯ ಮುಂದಾಳನ್ನು ಆರಿಸಲು ಓಟು ಇಟ್ಟಿದ್ದರು. ಡಬ್ಬಿ ಇದ್ದದ್ದು ಮಹಡಿಯ ಕೋಣೆಯಲ್ಲಿ. ಯಾರಾದರೂ ಕೈಹಿಡಿದು ಹತ್ತಿಸುತ್ತಾರೆ ಎಂದು ಗುಬ್ಬಿ ಮೆಟ್ಟಿಲ ಬುಡದಲ್ಲಿ ಕಾದಳು. ಒಂದು ಕ್ಲಾಸು ಮುಂದಿರುವ ಅವಳ ಅಕ್ಕ ಮೇಲಿನಿಂದ ಇಳಿದು ಬಂದು, ನಿನಗ್ಯಾಕೆ ಕಷ್ಟ, ನಿನ್ನದನ್ನೂ ನಾನೇ ಹಾಕಿ ಬಂದೆ ಎಂದಳು. ಹಾಕಿದ್ದು ತನ್ನ ಗೆಳತಿಗೆ. ಮೇಲಿದ್ದ ಮೇಷ್ಟರೂ, ಅಕ್ಕತಂಗಿಯರಲ್ಲವೇ ಎಂದು ಎರಡು ಚೀಟಿ ಕೊಟ್ಟಿದ್ದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಎಲ್ಲರೂ ಉಪಕಾರವನ್ನೇ ಮಾಡಿದ್ದರು.

ಬಟ್ಟೆ ಒಯ್ಯಲು ಬಂದ ಅದೇ ಸ್ಕೂಲಿನ ಟೀಚರಮ್ಮನ ಮುಂದೆ, ದೊಡ್ಡ ಮಗಳಿಂದ ಕೇಳಿದ್ದ ಇದನ್ನೆಲ್ಲ ಅಪ್ಪ ನಗುತ್ತಲೇ ಹೇಳಿದ.

“ಹೊರಗಿನವರು ಹಾಕಿದ್ರಾ ಟೀಚರ್? ಒಡಹುಟ್ಟಿದವಳು ತಾನೇ. ಮೂಗು ಒರೆಸಿಕೊಳ್ಳೋಕೆ ಬರಲ್ಲ, ಆಗಲೇ ಓಟಂತೆ ಇವಕ್ಕೆ. ಕೂಸು ಹುಟ್ಟೋ ಮುಂಚೆ ಕುಲಾವಿ.”

“ಹಾಗಾದ್ರೆ ಮುಂದಿನ ಸಲ ನಿಮ್ಮ ಓಟನ್ನ ನಿಮ್ಮಣ್ಣ ಹಾಕಿ ಬರಲಿ. ಅವರೂ ಒಡಹುಟ್ಟಿದವರು ತಾನೇ.”

“ಅವನಾ? ನನ್ನ ಶರ್ಟಿನ ಗುಂಡಿ ಹಾಕೋಕೂ ಬಿಡೋನಲ್ಲ ನಾನು ಅವನನ್ನ.”

ಅಂದವನು ಬಿಸಿ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟ. ಬಾಗಿಲಲ್ಲಿ ಗುಬ್ಬಿ ಬಂದು ನಿಂತಿದ್ದಳು.

“ನಾನು ಯಾರಿಗೆ ಹಾಕ್ಬೇಕು ಅಂತಿದ್ದೆ, ಹೇಳಪ್ಪಾ ನೋಡೋಣ.”

ಅಪ್ಪನಿಗೆ ಗೊತ್ತಿರಲಿಲ್ಲ. ಹೆಗಲ ಮೇಲೆ ಹೊತ್ತು ತಿರುಗಿದ್ದ, ಅವಳ ಬಟ್ಟೆಯ ಬಣ್ಣ ಆರಿಸಿದ್ದ, ಕೂರುವ ಜಾಗ ಆರಿಸಿದ್ದ. ನಿನಗೇನು ಬೇಕು ಎಂದು ಅವಳನ್ನು ಕೇಳಿದ್ದು ಮಾತ್ರ ನೆನಪಾಗಲಿಲ್ಲ. ಹೊರುವುದು ಪ್ರೀತಿಯೇ, ಅಲ್ಲ ಅನ್ನಲಾಗದು. ಆದರೆ ದೇವರು ಮನಸ್ಸು ಹಂಚುವಾಗ ಇಬ್ಬರಿಗೆ ಸೇರಿ ಒಂದು ಎಂದು ಹಂಚಲಿಲ್ಲ.

ತಪ್ಪು ನಮ್ಮದು, ಡಬ್ಬಿಯನ್ನು ಮಹಡಿಗೆ ಹತ್ತಿಸಿದವರು ನಾವೇ ಎಂದರು ಟೀಚರಮ್ಮ. ಮುಂದೇನು ಮಾಡಬೇಕೆಂದು ಹೇಳಬೇಕಾದವರು ಮಕ್ಕಳು, ನೀನೂ ಬಾ ಎಂದು ಗುಬ್ಬಿಯನ್ನು ಕರೆದೊಯ್ದರು. ಬಟ್ಟೆ ತಲುಪಿಸುವ ನೆಪದಲ್ಲಿ ಅಪ್ಪನೂ ಹಿಂದೆಯೇ ಹೋಗಿ ಗೇಟಿನ ಬಳಿ ನಿಂತ.

ಅಂಗಳದಲ್ಲಿ ಮಕ್ಕಳೆಲ್ಲ ಕೂತಿದ್ದರು. ಒಂದು ಓಟಿನಿಂದ ಏನು ಮುಳುಗಿಹೋಗುತ್ತದೆ ಎಂದು ಒಬ್ಬ ಕೇಳಿದ. ಆ ಒಂದು ನಿನ್ನದೇ ಆಗಿದ್ದರೆ ಎಂದು ಗುಬ್ಬಿ ಕೇಳಿದಳು. ಆಗ ಬೇರೆಯವರೂ ಬಾಯಿ ಬಿಟ್ಟರು. ದಪ್ಪ ಕನ್ನಡಕದ ಹುಡುಗ, ಚೀಟಿಯ ಅಕ್ಷರ ತನಗೆ ಕಂಡಿರಲೇ ಇಲ್ಲ ಎಂದ. ಮನೆಯಲ್ಲಿ ಬೇರೆ ಭಾಷೆ ಆಡುವ ಹೊಸ ಹುಡುಗಿ, ಯಾಕೆ ಸಾಲಿನಲ್ಲಿ ನಿಂತಿದ್ದೇನೆಂದೇ ತಿಳಿದಿರಲಿಲ್ಲ ಎಂದಳು. ಮಕ್ಕಳೇ ತೀರ್ಮಾನಿಸಿದರು: ಹಳೆಯ ಓಟು ರದ್ದು, ಡಬ್ಬಿ ಕೆಳಗಿನ ಜಗುಲಿಗೆ, ಅಕ್ಷರ ದೊಡ್ಡದು, ಪಕ್ಕದಲ್ಲೊಂದು ಚಿತ್ರ, ಗೊತ್ತಾಗದವರಿಗೆ ಅವರ ಮಾತಿನಲ್ಲೇ ವಿವರಣೆ.

ಮಾರನೆಯ ದಿನ ಮತ್ತೆ ಓಟು ನಡೆಯಿತು. ಓದುವ ಕೋಣೆಯನ್ನು ಮಹಡಿಯಿಂದ ಕೆಳಗಿಳಿಸುತ್ತೇನೆ ಎಂದಿದ್ದವನಿಗೆ ಗುಬ್ಬಿ ಹಾಕಿದಳು. ಅವನು ಸೋತ. ಅಪ್ಪ ಸಮಾಧಾನ ಹೇಳಲು ಹೋದರೆ, “ಸೋತಿದ್ದು ನನ್ನ ಓಟು ಅಪ್ಪಾ, ಬೇರೆಯವರದಲ್ಲ. ಗೆದ್ದವಳ ಹತ್ತಿರ ನಾನೇ ಹೋಗಿ ಓದುವ ಕೋಣೆ ವಿಷಯ ಕೇಳ್ತೀನಿ,” ಎಂದು ಹೊರಟೇಬಿಟ್ಟಳು. ಈಗ ಅಂಗಡಿಗೆ ಬಂದವರಿಗೆಲ್ಲ ಅಪ್ಪ ಅದನ್ನೇ ಹೇಳುತ್ತಾನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ತಾನೇ ಟೀಚರ್ ಆದ ಹಾಗೆ ರಾಗ ಎಳೆಯುತ್ತಾನೆ.

ಇದನ್ನು ಓದುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮ ಮಕ್ಕಳ ಸ್ಕೂಲಿನಲ್ಲಿ ಮಕ್ಕಳ ಸಭೆ ಇದೆಯೇ, ವಿಚಾರಿಸಿ. ಇದ್ದರೆ, ಅಲ್ಲಿಗೆ ತಲುಪಲಾಗದೆ ಮೆಟ್ಟಿಲ ಬುಡದಲ್ಲಿ ನಿಂತ ಮಗು ಯಾವುದು ಎಂದು ಕೇಳಿ. ಅದರ ಪರವಾಗಿ ನೀವು ಮಾತಾಡಲು ಹೋಗಬೇಡಿ. ಅದಕ್ಕೆ ಮಾತಾಡಲು ದಾರಿ ಮಾಡಿ.

ಒಂದು ಸಂಗತಿ ಉಳಿಯಿತು. ಮತ್ತೆ ಓಟು ನಡೆದ ದಿನ ಚೀಟಿ ಹಂಚುವ ಕೆಲಸ ಅಕ್ಕನ ಪಾಲಿಗೆ ಬಂದಿತ್ತು. ತಂಗಿಯ ಸರದಿ ಬಂದಾಗ ಅವಳು ಗುರುತು ಹಾಕದ ಚೀಟಿಯನ್ನು ಗುಬ್ಬಿಯ ಕೈಯಲ್ಲಿಟ್ಟು, ಅವಳು ಗುರುತು ಹಾಕಿ ಮುಗಿಸುವವರೆಗೂ ಗೋಡೆಯ ಕಡೆ ಮುಖ ಮಾಡಿ ನಿಂತಳು.