ನೆಟ್ಟಗೆ ನಿಂತ ಗಡಿಯಾರ

"ತಲೆ ಹಿಡ್ಕೊಳ್ರಿ, ತಲೆ ವಾಲ್ತೈತೆ," ಎಂದು ಯಾರೋ ಕೂಗಿದರು. ಪ್ರವೀಣ್ ಕುಮಾರ್ ಮೊಣಕಾಲೂರಿ ತಂದೆಯ ಕತ್ತಿನ ಹಿಂದೆ ಕೈ ಕೊಟ್ಟ. ಇನ್ನಿಬ್ಬರು ತೋಳು ಹಿಡಿದು ಷಣ್ಮುಖಪ್ಪನವರನ್ನು ಪಡಸಾಲೆಯ ಗೋಡೆಗೆ ಆನಿಸಿ, ಚಕ್ಕಳಮಕ್ಕಳ ಹಾಕಿಸಿ ಕೂರಿಸಿದರು. ಎದೆಗೆ ಸುತ್ತಿದ ಪಂಚೆಯನ್ನು ಎರಡು ಕಡೆಯ ಮೊಳೆಗೆ ಬಿಗಿದ ಮೇಲೆ ದೇಹ ಅಲುಗದೆ ನಿಂತಿತು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಹಣೆಗೆ ವಿಭೂತಿ ಬಳಿದರು. ಹೊಲಿಗೆ ಯಂತ್ರದ ಮುಂದೆ ಸೂಜಿಗೆ ದಾರ ಪೋಣಿಸುವಾಗ ಇರುತ್ತಿದ್ದಂತೆಯೇ ಆ ಮುಖ ತುಟಿ ಬಿಗಿದುಕೊಂಡು ಕೊಂಚ ಮುಂದಕ್ಕೆ ಬಾಗಿತ್ತು.

ಹೊನ್ನಾಳಿಯಿಂದ ಮೊದಲ ಬಸ್ಸಿಗೆ ಹೊರಟು ಬಂದ ಮಗಳು ಪ್ರಮೀಳಾ ಹೊಸಿಲಲ್ಲೇ ಕುಸಿದು ಕೂತಿದ್ದಳು. ಅತ್ತು ಸಾಕಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಕೇಳಿದ ಮೊದಲ ಮಾತು, "ಅವ್ವ ಎಲ್ಲಿ?"

ನ್ಯಾಮತಿಯಿಂದ ಬಂದಿದ್ದ ಸೋದರತ್ತೆ ಶಿವಗಂಗಮ್ಮ ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಕರೆದರು. "ರೂಮಿನಾಗೆ ಅದಾಳೆ. ಆಕೆಗೆ ಇನ್ನೂ ಹೇಳಿಲ್ಲ."

"ಯಾಕತ್ತೆ?"

"ಒಂದ್ಸಲ ಲಕ್ವ ಹೊಡೆದ ಜೀವ ಅದು. ಇದನ್ನ ಕೇಳಿ ಇನ್ನೊಂದ್ಸಲ ಹೊಡದ್ರೆ? ಮಣ್ಣು ಮುಗೀಲಿ, ಆಮೇಲೆ ನಿಧಾನಕ್ಕೆ ಹೇಳಿದ್ರಾತು. ಅಳೋ ಸದ್ದು ಕೇಳಿ ಏನು ಅಂದ್ಲು. ಆಚೆ ಮನೇಲಿ ಯಾರೋ ಹೋದ್ರು ಅಂದೀನಿ."

ಪ್ರಮೀಳಾ ತಮ್ಮನ ಕಡೆ ನೋಡಿದಳು. ಪ್ರವೀಣ ಕಣ್ಣು ತಪ್ಪಿಸಿದ.

ರೂಮಿನ ಬಾಗಿಲು ಮುಂದೆ ಮಾಡಿತ್ತು. ಒಳಗೆ ಸರ್ವಮಂಗಳಮ್ಮ ಎರಡು ದಿಂಬಿಗೆ ಒರಗಿ ಎದುರಿನ ಗೋಡೆ ನೋಡುತ್ತ ಮಲಗಿದ್ದರು. ಎಡಗಡೆಯ ಕಿಟಕಿಯಿಂದ ಬಿಸಿಲು ಅರ್ಧ ಹಾಸಿಗೆಗೆ ಬಿದ್ದಿತ್ತು. ಆ ಅರ್ಧ ಅವರ ಪಾಲಿಗೆ ಇರಲಿಲ್ಲ.

"ಪ್ರಮೀ, ನೀನ್ಯಾವಾಗ ಬಂದೆ? ರಾತ್ರಿ ಬಸ್ಸೇನು?"

"ಬೆಳಿಗ್ಗೆ ಬಂದೆ ಅವ್ವ."

"ಇನ್ನೂ ಎಲ್ಲಿ ಬೆಳಗಾಗೈತೆ? ಮಣಿ ಇನ್ನೂ ದಿಂಬಿನ ಮೇಲೇ ಐತೆ ನೋಡು. ನಿಮ್ಮಪ್ಪಾಜಿ ಎದ್ದೇ ಇಲ್ಲ."

ಗೋಡೆಯ ಮೇಲೆ ಆಳೆತ್ತರದ ಒಂದು ಮರದ ಪಟ್ಟಿ ನೆಟ್ಟಗೆ ನಿಂತಿತ್ತು. ಅದಕ್ಕೆ ಬಿಳಿ ಬಟ್ಟೆ ಹೊದಿಸಿ, ಬಣ್ಣದ ದಾರದಲ್ಲಿ ಮೇಲಿಂದ ಕೆಳಗೆ ಗುರುತುಗಳನ್ನು ಹೊಲಿದಿತ್ತು. ತುದಿಯಲ್ಲಿ ಹಾಲಿನ ಚೆಂಬು, ತಳದಲ್ಲಿ ಒಂದು ನೀಲಿ ದಿಂಬು. ದಾರಕ್ಕೆ ತೂಗುಬಿಟ್ಟ ಕೆಂಪು ಗಾಜಿನ ಮಣಿ ಆ ದಿಂಬಿನ ಮೇಲೆ, ರಾತ್ರಿ ಬಂದು ಕೂತಲ್ಲೇ ಕೂತಿತ್ತು.

*

ನಾಲ್ಕು ವರ್ಷದ ಹಿಂದೆ ಸರ್ವಮಂಗಳಮ್ಮನಿಗೆ ಲಕ್ವ ಹೊಡೆದಾಗ ಎಡಗೈ, ಎಡಗಾಲು ಬಿದ್ದುಹೋದದ್ದು ಎಲ್ಲರ ಕಣ್ಣಿಗೂ ಕಂಡಿತ್ತು. ಇನ್ನೊಂದು ನಷ್ಟ ತಿಳಿದದ್ದು ಮನೆಗೆ ಬಂದ ಮೇಲೆ. ತಟ್ಟೆಯ ಬಲಗಡೆಯ ಅನ್ನ ಉಂಡು, "ಇಷ್ಟೇನಾ ಹಾಕೋದು?" ಎಂದು ಮುನಿಸಿಕೊಳ್ಳುತ್ತಿದ್ದರು. ಎಡಗಡೆಯ ಅನ್ನ ಹಾಗೇ ಇರುತ್ತಿತ್ತು. ಎಡಕ್ಕೆ ನಿಂತು ಮಾತಾಡಿಸಿದವರನ್ನು ಬಲಕ್ಕೆ ಹುಡುಕುತ್ತಿದ್ದರು.

ಶಿವಮೊಗ್ಗದ ಡಾಕ್ಟರು ಸಮಾಧಾನದಿಂದ ಬಿಡಿಸಿ ಹೇಳಿದರು. "ಕಣ್ಣಿಗೇನೂ ಆಗಿಲ್ಲ ಷಣ್ಮುಖಪ್ಪನವರೇ. ಎಡಗಡೆ ಅನ್ನೋದೊಂದು ಇದೆ ಅನ್ನೋದನ್ನೇ ಮಿದುಳು ಮರೆತಿದೆ. ಕೆಲವರಿಗೆ ವಾಪಸು ಬರುತ್ತೆ. ಕೆಲವರಿಗೆ ಬರಲ್ಲ."

ಸರ್ವಮಂಗಳಮ್ಮನಿಗೆ ಬರಲಿಲ್ಲ. ಅವರನ್ನು ಎಲ್ಲಕ್ಕಿಂತ ಹಣ್ಣು ಮಾಡಿದ್ದು ಹೊತ್ತು. ಗೋಡೆ ಗಡಿಯಾರದಲ್ಲಿ ಮುಳ್ಳು ಆರು ದಾಟಿ ಎಡಕ್ಕೆ ಹತ್ತಿತೆಂದರೆ ಮಾಯ. ಸಂಜೆಯನ್ನು ಬೆಳಗೆಂದು ತಿಳಿದು, "ಅಂಗಡಿ ಬಾಗಿಲು ತೆಗೀರಿ, ಹೊತ್ತಾತು," ಎಂದು ಗಂಡನನ್ನು ಎಬ್ಬಿಸುವರು. "ಎಷ್ಟೊತ್ತಾತು?" ಎಂದು ಕೇಳುವರು, ಹೇಳಿದ್ದನ್ನು ನಂಬದೆ ಮತ್ತೆ ಕೇಳುವರು. ಕೊನೆಗೆ ಕೇಳುವುದಕ್ಕೇ ನಾಚಿ ಸುಮ್ಮನಾಗಿ, ಬಾಯಿಗೆ ಸೆರಗಿಟ್ಟುಕೊಂಡು ಅಳುವರು.

ಪ್ರವೀಣ ಅಂಕಿ ಮಿನುಗುವ ಗಡಿಯಾರ ತಂದಿಟ್ಟ. ಅದರಲ್ಲಿ ಎಂಟೂ ಮೂವತ್ತೈದು ಎಂದು ಬಂದಿದ್ದರೆ ತಾಯಿ, "ಬರೇ ಮೂವತ್ತೈದು ಅಂತೈತಲ್ಲೋ," ಎಂದರು.

ಷಣ್ಮುಖಪ್ಪನವರಿಗೆ ಬಸ್ ನಿಲ್ದಾಣದ ರಸ್ತೆಯಲ್ಲಿ ಟೈಲರ್ ಅಂಗಡಿ. ಶಾಲೆ ಮಕ್ಕಳ ಯೂನಿಫಾರಂ ಹೊಲಿದೇ ತಲೆ ನೆರೆದಿತ್ತು. ಒಂದು ಮಧ್ಯಾಹ್ನ ಕೊರಳಲ್ಲಿದ್ದ ಅಳತೆ ಟೇಪನ್ನು ಮೇಜಿನ ಮೇಲೆ ಉದ್ದಕ್ಕೆ ಚಾಚಿ ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕದ ಗಡಿಯಾರ ರಿಪೇರಿ ಅಂಗಡಿಗೆ ಹೋದರು. ಅದು ಜಗಳೂರು ಕಡೆಯ ಸೊಕ್ಕೆಯಿಂದ ಬಂದು ನೆಲೆ ನಿಂತಿದ್ದ ತಿಪ್ಪೇರುದ್ರನದು.

"ದುಂಡಗಿರೋದು ಬ್ಯಾಡ ತಿಪ್ಪೇರುದ್ರ. ಹೊತ್ತು ಟೇಪಿನಂಗೆ ನೆಟ್ಟಗೆ ಹೋಗ್ಬೇಕು. ಆಗ್ತೈತಾ?"

"ಮುಳ್ಳು ತಿರುಗೋದೇ ದುಂಡಗೆ ಅಲ್ರೀ, ಷಣ್ಮುಖಣ್ಣ."

"ಬಾಬಿನ್ನೂ ದುಂಡಗೇ ತಿರುಗ್ತೈತೆ. ದಾರ ನೆಟ್ಟಗೇ ಬರ್ತೈತಲ್ಲ."

ತಿಪ್ಪೇರುದ್ರ ಹಳೆಯ ಗಡಿಯಾರದ ಯಂತ್ರ ಬಿಚ್ಚಿಕೊಟ್ಟ. ದೊಡ್ಡ ಮುಳ್ಳಿನ ಜಾಗಕ್ಕೆ ಹೊಲಿಗೆ ಯಂತ್ರದ ದಾರ ಸುತ್ತುವ ಬಾಬಿನ್ ಸಿಕ್ಕಿಸಿದರು. ದಾರ ಜಾರುವುದು, ದಾರಕ್ಕೆ ಕಟ್ಟಿದ ತೂಕ ಹೆಚ್ಚಾಗಿ ಯಂತ್ರ ನಿಲ್ಲುವುದು, ತೂಕ ಕಡಿಮೆಯಾಗಿ ದಾರ ಸಡಿಲುವುದು, ಹೀಗೇ ಒಂದು ಮಳೆಗಾಲವೆಲ್ಲ ಕಳೆಯಿತು. ಅಂಗಡಿಗೆ ಬಂದವರು, "ಯೂನಿಫಾರಂ ಎಲ್ಲಿ ಟೈಲರೇ?" ಎಂದು ಬೈದು ಹೋದರು. ಕೊನೆಗೆ ಮರದ ಪಟ್ಟಿಯ ಮೇಲೆ ಸಣ್ಣದೊಂದು ಬಾಣ ಎಡದಿಂದ ಬಲಕ್ಕೆ ಮೆಲ್ಲಗೆ ಸರಿಯುವ ಹಾಗಾಯಿತು. ಅದನ್ನು ಹೆಂಡತಿಯ ಎದುರಿನ ಗೋಡೆಗೆ ಅಡ್ಡಕ್ಕೆ, ಎರಡು ಮೊಳೆ ಹೊಡೆದು ತೂಗು ಹಾಕಿದರು. ಆ ದಿನ ಪ್ರಮೀಳಾ ತವರಿನಲ್ಲೇ ಇದ್ದಳು.

ಸರ್ವಮಂಗಳಮ್ಮ ತುಂಬ ಹೊತ್ತು ನೋಡಿದರು. ಗಂಡನ ಮನಸ್ಸು ನೋಯಬಾರದೆಂದು ಮೆತ್ತಗೆ ಹೇಳಿದರು. "ಚೆನ್ನಾಗೈತೆ ರೀ. ಆದ್ರೆ ಇದರಾಗೆ ಬೆಳಿಗ್ಗೇನೇ ಇಲ್ವಲ್ಲ."

ಷಣ್ಮುಖಪ್ಪನವರು ಸ್ಟೂಲು ಹತ್ತಿ, ಪಟ್ಟಿಯನ್ನು ಇಳಿಸಲೆಂದು ಬಲಗಡೆಯ ಮೊಳೆ ಕಿತ್ತರು. ಕೈ ತಪ್ಪಿತೋ ಏನೋ, ಆ ತುದಿ ಧೊಪ್ಪನೆ ಕೆಳಕ್ಕೆ ಜಾರಿ, ಉಳಿದೊಂದು ಮೊಳೆಗೆ ಪಟ್ಟಿ ಜೋತು ಬಿದ್ದಿತು. ಅತ್ತಿತ್ತ ತೂಗಾಡಿ ನಿಂತಿತು.

"ಈಗ ಬಂತು ನೋಡ್ರಿ!" ಎಂದರು ಸರ್ವಮಂಗಳಮ್ಮ. "ಪೂರಾ ಬಂತು."

ಸ್ಟೂಲಿನ ಮೇಲೆ ನಿಂತಿದ್ದ ಅಪ್ಪ ಗೋಡೆಗೆ ಹಣೆ ಹಚ್ಚಿ ನಕ್ಕದ್ದನ್ನು ಪ್ರಮೀಳಾ ಅಂದು ನೋಡಿದ್ದಳು.

ಅಂಕಿಗಳೂ ಉಳಿಯಲಿಲ್ಲ. ಹತ್ತರಲ್ಲಿ ಆಕೆಗೆ ಬರೀ ಸೊನ್ನೆ ಕಾಣುತ್ತಿತ್ತು. "ನಿನ್ನ ದಿನದಾಗೆ ಏನೇನು ಐತೆ ಹೇಳು, ಅದನ್ನೇ ಹೊಲೀತೀನಿ," ಎಂದರು ಷಣ್ಮುಖಪ್ಪ. ಆಕೆ ಹೇಳುತ್ತ ಹೋದರು: ಹಾಲಿನವನು, ಪೂಜೆ, ಇಸ್ಕೂಲಿನ ಗಂಟೆ, ಊಟ, ಹೂವಿನಾಕೆ, ದೀಪ ಹಚ್ಚೋದು. "ನೀವು ಅಂಗಡಿಯಿಂದ ಬರೋದು" ಎಂದಾಗ ಒಂದು ಜೋಡಿ ಚಪ್ಪಲಿ ಹೊಲಿದರು. ಬಾಣದ ಜಾಗಕ್ಕೆ ಕೆಂಪು ಮಣಿ ಬಂತು. ಅದು ದಿನವಿಡೀ ಇಳಿದು ರಾತ್ರಿ ದಿಂಬಿನ ಮೇಲೆ ಕೂರುವುದು. ಬೆಳಿಗ್ಗೆ ಎದ್ದ ತಕ್ಷಣ ಷಣ್ಮುಖಪ್ಪ ಬಾಬಿನ್ನನ್ನು ಹಿಂದಕ್ಕೆ ಸುತ್ತಿ ಅದನ್ನು ಹಾಲಿನ ಚೆಂಬಿಗೆ ಏರಿಸುವರು. "ಬೆಳಗಾತು ಕಣೇ," ಎನ್ನುವರು. ಅಂದಿನಿಂದ ಆಕೆ ಯಾರನ್ನೂ ಹೊತ್ತು ಕೇಳಲಿಲ್ಲ.

*

"ಹೊತ್ತು ಇಳಿಯೋದ್ರೊಳಗೆ ಎತ್ತಬೇಕು," ಎಂದು ಅಯ್ಯನವರು ಪಡಸಾಲೆಯಲ್ಲಿ ಹೇಳುತ್ತಿದ್ದರು.

ಪ್ರಮೀಳಾ ತಮ್ಮನನ್ನು ಹಿತ್ತಲಿಗೆ ಕರೆದಳು. "ಅವ್ವಗೆ ಹೇಳ್ಬೇಕು ಪ್ರವೀಣ. ಅಪ್ಪಾಜಿ ಎದ್ದಿಲ್ಲ ಅಂತ ಕಾಯ್ಕೊಂಡು ಕೂತಾಳೆ."

"ನೀನು ನಾಳೆ ನಾಡಿದ್ದು ಹೊನ್ನಾಳಿಗೆ ಹೋಗ್ತೀಯ ಅಕ್ಕ. ಆಕೆಗೆ ಏನಾದ್ರೂ ಆದ್ರೆ ನೋಡ್ಕೊಳ್ಳೋನು ನಾನು. ಬೆಳಿಗ್ಗೆ ಅಪ್ಪಾಜೀನ ಎತ್ಕೊಂಡಾಗ ಇನ್ನೂ ಮೈ ಬಿಸಿ ಇತ್ತು. ಇನ್ನೊಂದು ನೋಡಾಕೆ ನನ್ನ ಕೈಲಿ ಆಗಲ್ಲ."

ಪ್ರಮೀಳಾ ಅವನ ಬೆನ್ನ ಮೇಲೆ ಕೈಯಿಟ್ಟಳು.

ಅಷ್ಟರಲ್ಲಿ ತಿಪ್ಪೇರುದ್ರ ಹಾರ ಹಿಡಿದು ಬಂದ. ಷಣ್ಮುಖಪ್ಪನವರ ಪಾದಕ್ಕೆ ಹಣೆಯಿಟ್ಟು ಎದ್ದವನು, "ಅಕ್ಕಾರು ಹೆಂಗದಾರೆ?" ಎಂದ. ಮಣಿ ಕೆಳಗೇ ಇದೆಯೆಂದು ಕೇಳಿ ಅವನ ಮುಖ ಸಣ್ಣದಾಯಿತು. ಶಿವಗಂಗಮ್ಮನಿಗೆ ಮಾತ್ರ ಅದರಲ್ಲೊಂದು ದಾರಿ ಕಂಡಿತು. "ನೀವೇ ಮಾಡಿದ್ದಲ್ವೇನಪ್ಪ ಅದು? ಹೋಗಿ ಏರಿಸಿಬಿಡ್ರಿ. ಇವತ್ತೊಂದಿನ ಸಮಾಧಾನವಾಗಿ ಇರ್ತಾಳೆ."

ಅವನು ಒಲ್ಲದ ಮನಸ್ಸಿನಿಂದಲೇ ಒಳಗೆ ಹೋದ. ಅವನ ಹಿಂದೆ ಪ್ರಮೀಳಾ, ಬಾಗಿಲಲ್ಲಿ ಪ್ರವೀಣ. ತಿಪ್ಪೇರುದ್ರ ಪಟ್ಟಿಯ ಮೇಲ್ತುದಿಗೆ ಕೈ ಚಾಚಿ ಬಾಬಿನ್ನಿಗೆ ಬೆರಳು ತಾಗಿಸಿದ.

"ತಿಪ್ಪೇರುದ್ರಪ್ಪ," ಎಂದರು ಸರ್ವಮಂಗಳಮ್ಮ. "ನೀವ್ಯಾಕೆ ಏರಿಸ್ತೀರಿ? ಅವರಿಗೇನಾತು?"

ಅವನ ಕೈ ಅಲ್ಲೇ ನಿಂತಿತು. ತಿರುಗಿ ನೋಡಲು ಅವನಿಂದಾಗಲಿಲ್ಲ. ಪ್ರಮೀಳಾ ಮಂಚದ ಬಲಗಡೆ ಕೂತು ತಾಯಿಯ ಕೈ ಹಿಡಿದಳು.

"ಅವ್ವ, ಅಪ್ಪಾಜಿ ಹೋದ್ರು."

ಹಿಡಿದ ಕೈ ಬಿಗಿಯುತ್ತ ಹೋಯಿತು.

"ಯಾವಾಗ?"

"ಬೆಳಗಿನ ಜಾವ. ಬಚ್ಚಲ ಬಾಗಿಲಾಗೆ ಕುಸಿದ್ರಂತೆ."

"ನನ್ನ ಕೂಗಿದ್ರೇನು?"

ಪ್ರಮೀಳಾ ತಮ್ಮನ ಕಡೆ ನೋಡಿದಳು. ಪ್ರವೀಣ ಬಂದು ತಾಯಿಯ ಕಾಲ ಬಳಿ ಕೂತ. "ಕೂಗಾಕೂ ಆಗಿಲ್ಲ ಅವ್ವ. ಸದ್ದು ಕೇಳಿ ನಾನು ಓಡೋ ಅಷ್ಟರಾಗೆ..." ಎಂದವನು ಆಕೆಯ ಮಂಡಿಗೆ ಮುಖ ಒತ್ತಿ ಬಿಕ್ಕಿದ. ಸರ್ವಮಂಗಳಮ್ಮ ಅವನ ತಲೆಯ ಮೇಲೆ ಕೈಯಿಟ್ಟರು. ಅವರ ಅಳು ಸದ್ದಿಲ್ಲದೆ ಬಂತು, ಸದ್ದಿಲ್ಲದೆ ಹರಿಯಿತು. ಬಾಗಿಲಾಚೆ ನಿಂತಿದ್ದ ಶಿವಗಂಗಮ್ಮ ಗೋಡೆ ಹಿಡಿದುಕೊಂಡರು.

ಕೊನೆಗೆ ಸರ್ವಮಂಗಳಮ್ಮನೇ ಹೇಳಿದರು. "ಪ್ರಮೀ, ಮಣಿ ನೀನು ಏರಿಸು. ಮೇಲಿನ ತನಕ ಬ್ಯಾಡ. ಈಗ ಎಲ್ಲಿಗೆ ಬಂದೈತೋ ಅಲ್ಲಿಗೆ."

ತಿಪ್ಪೇರುದ್ರ ಹಿಂದಕ್ಕೆ ಸುತ್ತುವ ಬಗೆ ತೋರಿಸಿದ. ಅಪ್ಪನ ಬೆರಳ ಎಣ್ಣೆ ಹತ್ತಿ ನುಣುಪಾಗಿದ್ದ ಬಾಬಿನ್ನನ್ನು ಪ್ರಮೀಳಾ ಮೆಲ್ಲಗೆ ತಿರುವಿದಳು. ಮಣಿ ದಿಂಬು ಬಿಟ್ಟಿತು, ಚಪ್ಪಲಿ ದಾಟಿತು, ದೀಪ ದಾಟಿತು, ಹೂವು ದಾಟಿ ಊಟದ ತಟ್ಟೆಯ ಹತ್ತಿರ ಬಂದು ನಿಂತಿತು.

"ಇಷ್ಟೊತ್ತಾತಾ?" ಎಂದರು ಸರ್ವಮಂಗಳಮ್ಮ. "ಬೆಳಿಗ್ಗೆಯಿಂದ ಒಬ್ಬರೇ ಕೂತಾರಾ? ನನ್ನ ಕರ್ಕೊಂಡು ಹೋಗ್ರಿ."

*

ಗಾಲಿಕುರ್ಚಿ ಪಡಸಾಲೆಗೆ ಬಂದಾಗ ಹೆಂಗಸರು ಸರಿದು ದಾರಿ ಬಿಟ್ಟರು. ನಡುವೆ ತಂದು ನಿಲ್ಲಿಸಿದರು. ಸರ್ವಮಂಗಳಮ್ಮ ಎದುರಿಗೆ ನೋಡಿದರು, ಬಲಕ್ಕೆ ನೋಡಿದರು. ನೆರೆದವರ ಮುಖಗಳನ್ನು ಒಂದೊಂದಾಗಿ ನೋಡಿದರು.

"ಎಲ್ಲಿ?" ಎಂದರು. "ಎಲ್ಲಿ ಕೂರ್ಸೀರಿ ಅವರನ್ನ?"

ಷಣ್ಮುಖಪ್ಪ ಆಕೆಯ ಎಡಗಡೆ, ಕೈಗೆಟುಕುವಷ್ಟು ಹತ್ತಿರದಲ್ಲಿದ್ದರು. ಹೆಂಗಸರಲ್ಲಿ ಒಬ್ಬಿಬ್ಬರು ಬಾಯಿಗೆ ಸೆರಗಿಟ್ಟುಕೊಂಡರು. "ತಲೆಗೇ ಹತ್ತೈತೆ, ಪಾಪ," ಎಂದು ಯಾರೋ ಪಿಸುಗುಟ್ಟಿದರು.

"ತಲೆಗೇನೂ ಹತ್ತಿಲ್ಲ," ಎಂದು ಪ್ರಮೀಳಾ ಕುರ್ಚಿ ತಿರುಗಿಸಲು ನೋಡಿದಳು. ಜನರ ನಡುವೆ ಜಾಗ ಸಾಲದೆ ಗಾಲಿ ಜಮಖಾನೆಗೆ ಸಿಕ್ಕಿಕೊಂಡಿತು. ಪ್ರವೀಣ ತಂದೆಯನ್ನೇ ಕೊಂಚ ಜರುಗಿಸೋಣವೆಂದು ಬಗ್ಗಿದ. ಅಯ್ಯನವರು ಬೇಡವೆಂಬಂತೆ ಕೈ ಎತ್ತಿದರು.

ಆಗ ಶಿವಗಂಗಮ್ಮ ಮುಂದೆ ಬಂದರು. "ತಡೀರೋ. ಆಕೇನ ಇಳಿಸ್ರಿ. ನನ್ನ ತಮ್ಮನ ಎಡಕ್ಕೆ ಕೂರಿಸ್ರಿ, ಮದುವೇಲಿ ಕೂರ್ಸಿದ್ದಂಗೆ. ಆಗ ಅವನು ಆಕೆ ಬಲಕ್ಕೆ ಬರ್ತಾನೆ."

ಇಬ್ಬರು ಎತ್ತಿ ಜಮಖಾನೆಯ ಮೇಲೆ ಇಳಿಸಿದರು. ಸರ್ವಮಂಗಳಮ್ಮನ ಬಿದ್ದುಹೋದ ಎಡಭಾಗ ವಾಲದಂತೆ ಶಿವಗಂಗಮ್ಮ ತಾವೇ ಹತ್ತಿರ ಕೂತು ಹೆಗಲು ಕೊಟ್ಟರು. ಸರ್ವಮಂಗಳಮ್ಮ ಬಲಕ್ಕೆ ಮುಖ ತಿರುಗಿಸಿದರು.

"ಇಲ್ಲೇ ಅದೀರಲ್ಲ," ಎಂದರು.

ಕೈ ಚಾಚಿ ಕೆನ್ನೆ ಮುಟ್ಟಿದರು, ಕಿವಿಯ ಮೇಲೆ ಬಿದ್ದಿದ್ದ ವಿಭೂತಿ ಒರೆಸಿದರು. ಕೊರಳ ಹಾರದ ಒಂದು ಹೂವನ್ನು ನೇರ ಮಾಡಿದರು.

ಹೊರಗೆ, ದೇಹ ಕೂರಿಸಿ ಹೊತ್ತೊಯ್ಯುವ ಬಿದಿರಿನ ವಿಮಾನಕ್ಕೆ ಹೂವು ಕಟ್ಟಿ ಮುಗಿದಿತ್ತು. ಶಂಖದವನು ಬಾಗಿಲಿಗೆ ಬಂದು ನಿಂತ. ಅಯ್ಯನವರು ಕಣ್ಸನ್ನೆ ಮಾಡಿದರು. ಹೊರುವವರು ನಾಲ್ಕು ಜನ ಒಳಬಂದು ಬಗ್ಗಿದರು.

"ಒಂದು ಗಳಿಗೆ," ಎಂದರು ಸರ್ವಮಂಗಳಮ್ಮ.

ಗಂಡನಿಗೆ ತೊಡಿಸಿದ್ದ ಹೊಸ ಬಿಳಿ ಅಂಗಿಯ ಕುತ್ತಿಗೆಯ ಗುಂಡಿ ಬಿಚ್ಚಿಕೊಂಡಿತ್ತು. ಲಕ್ವ ಹೊಡೆಯುವ ಮುಂಚೆ, ಷಣ್ಮುಖಪ್ಪ ಹೊಲಿದ ಅಂಗಿಗಳಿಗೆಲ್ಲ ರಾತ್ರಿ ಕೂತು ಗುಂಡಿ ತೂರುವ ಕಾಜಾ ತೆಗೆದು ಗುಂಡಿ ಹಚ್ಚುತ್ತಿದ್ದವರು ಆಕೆಯೇ. ಒಂದೇ ಕೈಯಲ್ಲಿ ಗುಂಡಿ ಹಿಡಿದು ಕಾಜಾದ ಅಂಚಿಗೆ ತಂದರು. ಜಾರಿತು. ಮತ್ತೆ ಹಿಡಿದರು. ಪ್ರಮೀಳಾ ನೆರವಿಗೆಂದು ಕೈ ಚಾಚಿ, ಹಾಗೇ ಹಿಂದಕ್ಕೆ ತೆಗೆದುಕೊಂಡಳು.

ಶಂಖದವನು ಶಂಖವನ್ನು ತುಟಿಯಿಂದ ಇಳಿಸಿದ. ಹೊರುವವರು ಬಗ್ಗಿದಲ್ಲೇ ನಿಂತರು. ಸರ್ವಮಂಗಳಮ್ಮ ಹೆಬ್ಬೆರಳನ್ನು ಬಟ್ಟೆಯ ಹಿಂದಕ್ಕೆ ತೂರಿಸಿ, ತಲೆ ಇನ್ನಷ್ಟು ಹತ್ತಿರ ತಂದು, ಕಾಜಾ ಎಲ್ಲಿದೆಯೆಂದು ನಿಧಾನವಾಗಿ ಹುಡುಕತೊಡಗಿದರು.